ಕುಲವೆಂಬ ಒಂದು ಮಾತು

ಹೋದ ಬೇಸಿಗೆಯಲ್ಲಿ ನನ್ನ ತಂಗಿಯ ಮೊಮ್ಮಗನು ಬೆಂಗಳೂರಿನಿಂದ ಬಂದು ನಮ್ಮ ಮನೆಯಲ್ಲಿ ಹದಿನೈದು ದಿವಸ ಇದ್ದನು. ಹುಡುಗನು ಬುದ್ಧಿವಂತನು, ದೊಡ್ಡವರಲ್ಲಿ ಮರ್ಯಾದೆಯುಳ್ಳವನು. ಆದರೆ ಮಧ್ಯಾಹ್ನದ ಊಟವಾದ ಮೇಲೆ ತನ್ನ ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು ಕೂತನೆಂದರೆ ದೀಪ ಹಚ್ಚುವ ಹೊತ್ತಿನ ವರೆಗೆ ಏಳುತ್ತಿರಲಿಲ್ಲ. ಏನು ನೋಡುತ್ತಾನೋ ತಿಳಿಯೋಣವೆಂದು ಒಂದು ದಿನ ಅವನ ಬೆನ್ನ ಹಿಂದೆ ನಿಂತೆನು. ಪರದೆಯ ಮೇಲೆ ಯಾವದೋ ಬೇರೆ ಲೋಕದ ಬೆಟ್ಟಗಳು. ಕವಚ ತೊಟ್ಟ ಮನುಷ್ಯರು ಬೆನ್ನಿಗೆ ಕಟ್ಟಿದ ಯಂತ್ರದ ಬಲದಿಂದ ಮೇಲಕ್ಕೆ ಹಾರುವದು, ಇಳಿಜಾರಿನಲ್ಲಿ ಜಾರುವದು, ಒಬ್ಬರ ಮೇಲೊಬ್ಬರು ಗುಂಡು ಹಾರಿಸುವದು, ಎದುರಿನವರ ಧ್ವಜವನ್ನು ಕಿತ್ತುಕೊಂಡು ತಮ್ಮ ಠಾಣ್ಯಕ್ಕೆ ಓಡುವದು, ಇದೇ ಆಟ. ಇದರ ಹೆಸರೇನೆಂದು ಕೇಳಿದೆನು. ‘ಟ್ರೈಬ್ಸ್, ಅಜ್ಜಾ’ ಎಂದನು. ಅಂದರೆ ಏನೆಂದು ತಿರಿಗಿ ಕೇಳಿದಾಗ, ಅವನು ಪರದೆಯಿಂದ ಕಣ್ಣು ತೆಗೆಯದೆ, ‘ಟ್ರೈಬ್ ಅಂದ್ರೆ ಟೀಮು, ಅಷ್ಟೇ’ ಎಂದು ಉತ್ತರ ಕೊಟ್ಟನು.

ಆ ‘ಅಷ್ಟೇ’ ಎಂಬದು ನನ್ನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿಯಿತು. ಯಾಕಂದರೆ ಇಂಗ್ಲಿಷಿನವರ ಅದೇ ಮಾತಿನ ಕೆಳಗೆ ಈ ದೇಶದಲ್ಲಿ ಲಕ್ಷಾಂತರ ಜನರು, ಹುಟ್ಟಿದ ಕಾರಣಕ್ಕಾಗಿಯೇ, ಪೊಲೀಸರ ಪಟ್ಟಿಯಲ್ಲಿ ಬರೆಯಲ್ಪಟ್ಟರು. ಅದೇ ಮಾತಿನಿಂದ ಇಂಗ್ಲಿಷ್ ಸತ್ಯವೇದದಲ್ಲಿ ಯಾಕೋಬನ ಹನ್ನೆರಡು ಮಕ್ಕಳ ಸಂತತಿಯು ಕರೆಯಲ್ಪಡುವದು. ಅದೇ ಮಾತು ಇಂದು ತಹಶೀಲ್ದಾರರ ಕಚೇರಿಯ ಪ್ರಮಾಣಪತ್ರದಲ್ಲಿ ಬಡವರ ಮಕ್ಕಳಿಗೆ ಶಾಲೆಯ ಬಾಗಿಲನ್ನೂ ಕೆಲಸದ ಬಾಗಿಲನ್ನೂ ತೆರೆಯುತ್ತದೆ. ಇಷ್ಟು ಹೊರೆಯನ್ನು ಒಂದೇ ಮಾತು ಹೊತ್ತಿರುವಾಗ, ಅದನ್ನು ನುಡಿಯುವವನ ಮೇಲೆ ಏನಾದರೂ ಹೊಣೆ ಬೀಳುವದೋ, ಇಲ್ಲವೋ? ಹುಡುಗನು ಊರಿಗೆ ಹೋದ ಮೇಲೆಯೂ ಈ ಪ್ರಶ್ನೆಯು ನನ್ನನ್ನು ಬಿಡಲಿಲ್ಲವಾದದರಿಂದ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಆಟದ ಸಂಗತಿಯನ್ನೇ ಹೇಳುವೆನು. ಅದನ್ನು ಬರೇ ಹುಡುಗಾಟವೆಂದು ತಳ್ಳಿಬಿಡುವದು ನ್ಯಾಯವಲ್ಲ. ಅಮೇರಿಕದ ಆರೆಗನ್ ಸಂಸ್ಥಾನದ ಯೂಜೀನ್ ಎಂಬ ಪಟ್ಟಣದಲ್ಲಿ ಡೈನಮಿಕ್ಸ್ ಎಂಬ ಕಂಪನಿ ಇತ್ತು. ಅವರು 1998ನೆಯ ಇಸವಿಯಲ್ಲಿ ‘ಸ್ಟಾರ್‌ಸೀಜ್: ಟ್ರೈಬ್ಸ್’ ಎಂಬ ಆಟವನ್ನು ಹೊರಡಿಸಿದರು. ಕಂಪನಿಯು 2001ರಲ್ಲಿ ಮುಚ್ಚಲ್ಪಟ್ಟಿತಾದರೂ ಆಟವು ಸಾಯಲಿಲ್ಲ. ಅದೇ ಹೆಸರಿನ ಬೇರೆ ಆಟಗಳು 2001, 2004, 2012, 2024ನೆಯ ಇಸವಿಗಳಲ್ಲಿ ಬಂದವು. ಮನುಷ್ಯರು ಬಹು ಶತಮಾನಗಳ ತರುವಾಯ ನಕ್ಷತ್ರಲೋಕಗಳಿಗೆ ಚದರಿಹೋಗಿ, ಕುಲಕುಲವಾಗಿ ಒಡೆದು, ಒಂದರ ಮೇಲೊಂದು ಯುದ್ಧಮಾಡುವರೆಂಬದು ಅದರ ಕಥೆ. ಮೊದಲನೆಯ ಆಟದಲ್ಲಿ ನಾಲ್ಕು ಕುಲಗಳು ಉಂಟು. ಅವುಗಳ ಹೆಸರನ್ನು ನಮ್ಮ ಮಾತಿನಲ್ಲಿ ಹೇಳಬೇಕಾದರೆ, ರಕ್ತಗರುಡ, ವಜ್ರಖಡ್ಗ, ನಕ್ಷತ್ರತೋಳ, ಮತ್ತು ಬೂದಿಯಿಂದ ತಿರಿಗಿ ಏಳುವದೆಂದು ಗ್ರೀಕರು ಹೇಳುವ ಫೀನಿಕ್ಸ್ ಪಕ್ಷಿಯ ಮಕ್ಕಳು. ಪರದೆಯ ಮೇಲೆ ಕಾಣುವ ಒಬ್ಬೊಬ್ಬ ಸೈನಿಕನ ಹಿಂದೆ ಯಾವದೋ ಊರಲ್ಲಿ ಕೂತ ಒಬ್ಬೊಬ್ಬ ನಿಜವಾದ ಮನುಷ್ಯನಿದ್ದಾನೆ. ಸತ್ತವನು ಕ್ಷಣಮಾತ್ರದಲ್ಲಿ ತಿರಿಗಿ ಎದ್ದು ಬರುವನು. ಬೆಳಿಗ್ಗೆ ರಕ್ತಗರುಡನಾಗಿದ್ದವನು ಸಾಯಂಕಾಲ ವಜ್ರಖಡ್ಗನಾಗುವನು. ಅದಕ್ಕೆ ಯಾರ ಅಪ್ಪಣೆಯೂ ಬೇಡ, ಯಾರ ಹಗೆಯೂ ಇಲ್ಲ.

ಈ ಆಟದಲ್ಲಿ ಇನ್ನೊಂದು ವಿಶೇಷವುಂಟು. ಇಳಿಜಾರಿನಲ್ಲಿ ಮೇಲಿಂದ ಮೇಲೆ ಹಾರುತ್ತಾ ಬಂದರೆ ಕಾಲು ನೆಲಕ್ಕೆ ತಾಗಿದರೂ ವೇಗ ಕುಂದದೆ ಬೆಳೆಯುವದು. ಇದನ್ನು ಆಟ ಕಟ್ಟಿದವರು ಯೋಚಿಸಿರಲಿಲ್ಲ. ಅದು ಅವರ ಲೆಕ್ಕದಲ್ಲಿ ಉಳಿದ ಒಂದು ತಪ್ಪು. ಆಡುವವರು ಅದನ್ನು ಕಂಡುಹಿಡಿದು ಅದಕ್ಕೆ ಹಿಮದ ಮೇಲೆ ಜಾರುವದೆಂಬ ಅರ್ಥವುಳ್ಳ ಹೆಸರಿಟ್ಟರು. ಮುಂದಿನ ಆಟಗಳಲ್ಲಿ ಅದೇ ಮುಖ್ಯವಾದ ಚಾತುರ್ಯವೆನಿಸಿತು. ಇದನ್ನು ಕೇಳಿದಾಗ, ಮಾತುಗಳ ಗತಿಯೂ ಹೀಗೆಯೇ ಅಲ್ಲವೋ ಎಂದುಕೊಂಡೆನು. ಹುಟ್ಟಿಸಿದವನು ಒಂದನ್ನು ನೆನಸುವನು, ಬಳಸುವವರು ಮತ್ತೊಂದನ್ನು ಮಾಡುವರು. ಹಾಗಾದರೆ ಈ ಮಾತು ಎಲ್ಲಿಂದ ಜಾರುತ್ತಾ ಬಂತೆಂಬದನ್ನು ನೋಡೋಣ.

ಲ್ಯಾಟಿನ್ ಭಾಷೆಯಲ್ಲಿ ಅದು ‘ತ್ರಿಬುಸ್’. ರೋಮದ ಜನರು ಮೊದಲು ಮೂರು ಪಾಲಾಗಿದ್ದರೆಂದು ಅವರ ಹಳೇ ಕಥೆಗಳು ಹೇಳುತ್ತವೆ. ಕಾಲಕ್ರಮದಲ್ಲಿ ಪಾಲುಗಳು ಹೆಚ್ಚಿ ಕ್ರಿಸ್ತಪೂರ್ವ 241ರಲ್ಲಿ 35 ಆದವು. ಅವುಗಳಲ್ಲಿ 4 ಪಟ್ಟಣದವು, 31 ಹಳ್ಳಿಗಾಡಿನವು. ಅಲ್ಲಿ ಅದು ರಕ್ತದ ಮಾತಲ್ಲ. ಮತ ಕೊಡುವದಕ್ಕೂ ಪಟ್ಟಿ ಬರೆಯುವದಕ್ಕೂ ಮಾಡಿಕೊಂಡ ವಿಭಾಗ. ಅಥೇನೆ ಪಟ್ಟಣದಲ್ಲಿ ನಡೆದದ್ದು ಇನ್ನೂ ವಿಚಿತ್ರವಾದದ್ದು. ಕ್ರಿಸ್ತಪೂರ್ವ 508ರ ಸುಮಾರಿಗೆ ಕ್ಲೈಸ್ಥೆನೀಸ್ ಎಂಬವನು ನಾಲ್ಕು ಹಳೇ ಕುಲಗಳ ಬಲವನ್ನು ಮುರಿದು ಹತ್ತು ಹೊಸ ಕುಲಗಳನ್ನು ಮಾಡಿದನು. ಒಂದೊಂದು ಹೊಸ ಕುಲದಲ್ಲಿ ಪಟ್ಟಣದವರದು ಒಂದು ಪಾಲು, ಸಮುದ್ರತೀರದವರದು ಒಂದು ಪಾಲು, ಒಳನಾಡಿನವರದು ಒಂದು ಪಾಲು. ಬೇರೆ ಬೇರೆ ಮನೆತನದವರು ಒಂದೇ ಕುಲದವರೆಂದು ಕರೆಯಲ್ಪಟ್ಟು ಯುದ್ಧದಲ್ಲಿ ಪಕ್ಕಪಕ್ಕದಲ್ಲಿ ನಿಂತರು. ಆದಕಾರಣ ಕುಲವು ಆಕಾಶದಿಂದ ಬಿದ್ದದ್ದಲ್ಲ, ಅದನ್ನು ಮನುಷ್ಯರು ಕಟ್ಟಲೂ ಬಹುದು ಕಳಚಲೂ ಬಹುದು ಎಂಬದು ಎರಡೂವರೆ ಸಾವಿರ ವರುಷಗಳ ಹಿಂದೆಯೇ ಗೊತ್ತಿದ್ದ ಸಂಗತಿ.

ಆದರೆ ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಹಿಡಿದು ನಿಲ್ಲಿಸಿದ್ದು ಇಬ್ರಿಯ ಮಾತು. ಇಸ್ರಾಯೇಲ್ಯರ ಕುಲಕ್ಕೆ ಆ ಭಾಷೆಯಲ್ಲಿ ಎರಡು ಹೆಸರುಗಳುಂಟು, ಶೇವೆಟ್ ಮತ್ತು ಮಟ್ಟೆ. ಎರಡಕ್ಕೂ ಕೋಲು ಎಂದೇ ಅರ್ಥ. ಅರಣ್ಯಕಾಂಡದಲ್ಲಿ ಕುಲಕ್ಕೆ ಒಂದರಂತೆ ಹನ್ನೆರಡು ಕೋಲುಗಳನ್ನು ತಂದು ಇಟ್ಟ ಸಂಗತಿಯನ್ನೂ, ಆರೋನನ ಕೋಲು ಚಿಗುರಿದ್ದನ್ನೂ ನೀವು ಬಲ್ಲಿರಿ. ಮೂಲಭಾಷೆಯನ್ನು ಓದುವವನಿಗೆ ಅಲ್ಲಿ ಕೋಲೂ ಕುಲವೂ ಒಂದೇ ಮಾತು. ಇಪ್ಪತ್ತಮೂರನೆಯ ಕೀರ್ತನೆಯಲ್ಲಿ ಕುರುಬನ ಕೈಯಲ್ಲಿದ್ದು ಕುರಿಗೆ ಧೈರ್ಯ ಕೊಡುವದು ಇದೇ ಶೇವೆಟ್. ಜ್ಞಾನೋಕ್ತಿಗಳಲ್ಲಿ ಮಗನನ್ನು ಹೊಡೆಯುವ ಬೆತ್ತವೂ ಇದೇ ಶೇವೆಟ್. ನಮ್ಮ ಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಮುದುಕನು ಊರಿಕೊಳ್ಳುವ ಕೋಲನ್ನೂ, ಎತ್ತಿನ ಬೆನ್ನ ಮೇಲೆ ಬೀಳುವ ಕೋಲನ್ನೂ ಒಂದೇ ಬಿದಿರು ಮೆಳೆಯಿಂದ ಕಡಿದು ತರುತ್ತೇವಲ್ಲವೋ?

ಕನ್ನಡದಲ್ಲಿಯಾದರೋ ಈ ಒಂದು ಇಂಗ್ಲಿಷ್ ಮಾತಿಗೆ ನಾವು ಒಂದೇ ಮಾತನ್ನು ಇಟ್ಟಿಲ್ಲ. ಸತ್ಯವೇದದ ಒಂದು ಭಾಷಾಂತರದಲ್ಲಿ ಅದು ಕುಲ, ಮತ್ತೊಂದರಲ್ಲಿ ಗೋತ್ರ. ಸರಕಾರದ ಕಾಗದದಲ್ಲಿ ಅದು ಪಂಗಡ; ಪರಿಶಿಷ್ಟ ಪಂಗಡವೆಂದು ಬರೆಯುತ್ತಾರೆ. ವರ್ತಮಾನಪತ್ರಗಳಲ್ಲಿ ಅದು ಬುಡಕಟ್ಟು. ಸೋಲಿಗರನ್ನೂ ಜೇನುಕುರುಬರನ್ನೂ ಕೊರಗರನ್ನೂ ಕುರಿತು ಮಾತಾಡುವಾಗ ಕೆಲವರು ಗಿರಿಜನರೆನ್ನುವರು, ಕೆಲವರು ಆದಿವಾಸಿಗಳೆನ್ನುವರು. ಕುಲವೆಂಬದು ಸಂಸ್ಕೃತದಲ್ಲಿ ಹಿಂಡು, ಮನೆ, ವಂಶ ಎಂಬ ಅರ್ಥಗಳುಳ್ಳದ್ದು. ಗೋತ್ರವು ಮೊದಲು ದನದ ಕೊಟ್ಟಿಗೆ. ಪಂಗಡವನ್ನೋ ನಾವು ಕ್ರೈಸ್ತರೊಳಗಿನ ಭೇದಗಳಿಗೂ ಉಪಯೋಗಿಸುತ್ತೇವೆ, ನೀವು ಯಾವ ಪಂಗಡದ ಸಭೆಯವರು ಎಂದು ಕೇಳುತ್ತೇವೆ. ಸಸ್ಯಶಾಸ್ತ್ರದವರು ಕೂಡ ಇದೇ ಇಂಗ್ಲಿಷ್ ಮಾತನ್ನು ತೆಗೆದುಕೊಂಡು ಹುಲ್ಲಿನ ಜಾತಿಗಳನ್ನು ವಿಂಗಡಿಸಿದ್ದಾರೆ. ಅವರ ಲೆಕ್ಕದಲ್ಲಿ ನಮ್ಮ ಹೊಲದ ಜೋಳವೂ ಕಬ್ಬೂ ಅಮೇರಿಕದಿಂದ ಬಂದ ಮೆಕ್ಕೆಜೋಳವೂ ಒಂದೇ ಕುಲದವು. ಇದನ್ನು ನಮ್ಮ ಊರ ಗೌಡರಿಗೆ ಹೇಳಿದಾಗ ಅವರು ಬಹಳ ಹೊತ್ತು ನಕ್ಕರು.

ಇಷ್ಟರ ವರೆಗೆ ಯಾರಿಗೂ ನೋವಿಲ್ಲ. ಮಾತೆಂಬದು ಪಾತ್ರೆ, ಅದರಲ್ಲಿ ಹಾಲು ಹೊಯ್ದರೆ ಹಾಲು, ನೀರು ಹೊಯ್ದರೆ ನೀರು, ಪಾತ್ರೆಯ ಮೇಲೆ ದೋಷವಿಲ್ಲವೆಂದು ಹೇಳಿ ಎದ್ದುಹೋಗಬಹುದು. ನಾನೂ ಬಹಳ ಕಾಲ ಹಾಗೆಯೇ ನೆನಸುತ್ತಿದ್ದೆನು. ಆದರೆ 1871ನೆಯ ಇಸವಿಯ ಒಂದು ಕಾಯಿದೆಯನ್ನು ಓದಿದ ಮೇಲೆ ಹಾಗೆ ಹೇಳುವದು ನನ್ನಿಂದಾಗಲಿಲ್ಲ.

ಆ ವರುಷದ ಅಕ್ಟೋಬರ್ ತಿಂಗಳಲ್ಲಿ ಆಂಗ್ಲ ಸರಕಾರದವರು ಅಪರಾಧಿ ಕುಲಗಳ ಕಾಯಿದೆಯನ್ನು ಮಾಡಿದರು. ಅದರಲ್ಲಿ ಕುಲವನ್ನೂ ಗುಂಪನ್ನೂ ವರ್ಗವನ್ನೂ ಒಂದೇ ಉಸುರಿನಲ್ಲಿ ಹೇಳಿ, ಇಂಥವರು ಜಾಮೀನು ಸಿಕ್ಕದ ಅಪರಾಧಗಳನ್ನು ರೂಢಿಯಾಗಿ ಮಾಡುವವರೆಂದು ಸರಕಾರಕ್ಕೆ ತೋರಿದರೆ ಪ್ರಕಟನೆ ಹೊರಡಿಸಬಹುದೆಂದು ಬರೆಯಲ್ಪಟ್ಟಿತು. ಪ್ರಕಟನೆಯಾದ ಮೇಲೆ ಅದು ಸರಿಯೋ ತಪ್ಪೋ ಎಂದು ಯಾವ ನ್ಯಾಯಾಸ್ಥಾನವೂ ಕೇಳಕೂಡದು. ಆ ಕುಲದವರು ತಮ್ಮ ಹೆಸರುಗಳನ್ನು ಪಟ್ಟಿಯಲ್ಲಿ ಬರೆಯಿಸಬೇಕು. ಗೊತ್ತುಮಾಡಿದ ಎಲ್ಲೆಯನ್ನು ದಾಟಬೇಕಾದರೆ ಚೀಟಿ ಬೇಕು. ಬಡಗಿಯ ಮಗನು ಬಡಗಿಯೂ ನೇಕಾರನ ಮಗನು ನೇಕಾರನೂ ಆಗುವ ಈ ದೇಶದಲ್ಲಿ ಕಳ್ಳನ ಮಗನು ಕಳ್ಳನಾಗಿಯೇ ಹುಟ್ಟುವನು ಎಂಬದು ಕಾಯಿದೆಯನ್ನು ಮಾಡಿದವರ ವಾದ. ನಮ್ಮ ಜನರು ಶಾಸ್ತ್ರವೆಂದು ಹೇಳುತ್ತಿದ್ದದ್ದನ್ನು ಅವರು ವಿಜ್ಞಾನವೆಂದು ಹೇಳಿದರು. ಸಿಕ್ಕಿಬಿದ್ದವನಿಗೆ ಎರಡೂ ಒಂದೇ. ಮೊದಲು ಉತ್ತರದೇಶದಲ್ಲಿ ಜಾರಿಯಾದ ಈ ನಿಬಂಧನೆಯು 1911ರ ಹೊಸ ಕಾಯಿದೆಯಿಂದ ಮದ್ರಾಸ್ ಆಧಿಪತ್ಯಕ್ಕೂ ಬಂತು. ಬೆರಳಿನ ಗುರುತನ್ನು ತೆಗೆದುಕೊಳ್ಳುವದಕ್ಕೂ, ಮಕ್ಕಳನ್ನು ತಂದೆತಾಯಿಗಳಿಂದ ಬೇರೆಮಾಡಿ ಇಡುವದಕ್ಕೂ ಅಧಿಕಾರಿಗಳಿಗೆ ಹಕ್ಕು ದೊರೆಯಿತು.

ಇದು ದೂರದ ಸುದ್ದಿಯಲ್ಲ. ಆಗಿನ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಹುಬ್ಬಳ್ಳಿ, ಗದಗು, ವಿಜಾಪುರಗಳಲ್ಲಿ ಇಂಥ ಜನರಿಗೋಸ್ಕರ ಸೆಟ್ಲಮೆಂಟುಗಳಿದ್ದವು. ಹುಬ್ಬಳ್ಳಿಯಲ್ಲಿ ಆ ಭಾಗಕ್ಕೆ ಇಂದಿಗೂ ಸೆಟ್ಲಮೆಂಟೆಂದೇ ಹೆಸರು. ಅಲ್ಲಿದ್ದವರಲ್ಲಿ ಗಂಟಿಚೋರರೆಂಬ ಜನರೂ ಉಂಟು. ಹೆಸರನ್ನು ಕಿವಿಯಿಟ್ಟು ಕೇಳಿರಿ! ತೊಟ್ಟಿಲಲ್ಲಿ ಇರುವ ಕೂಸನ್ನೂ ನಾವು ಚೋರನೆಂದು ಕರೆದು, ಅದು ಅವರ ಕುಲದ ಹೆಸರು, ನಮ್ಮ ತಪ್ಪೇನೆಂದು ಕೈ ತೊಳೆದುಕೊಂಡೆವು. ಮಿಶನಿನವರು ಇದರಲ್ಲಿ ಸೇರಿರಲಿಲ್ಲವೆಂದು ಹೇಳುವ ಹಾಗೂ ಇಲ್ಲ. ಸೊಲ್ಲಾಪುರದ ಸೆಟ್ಲಮೆಂಟನ್ನು ಅಮೇರಿಕನ್ ಮರಾಠಿ ಮಿಶನಿನವರು ಕೆಲವು ಕಾಲ ನೋಡಿಕೊಂಡರು. ಆಂಧ್ರದೇಶದ ಸ್ಟುವರ್ಟ್‌ಪುರವನ್ನು ಸಾಲ್ವೇಶನ್ ಆರ್ಮಿಯವರು ನಡಿಸಿದರು. ಅವರು ಶಾಲೆಯನ್ನಿಟ್ಟರು, ಕಸುಬನ್ನು ಕಲಿಸಿದರು, ರೋಗಿಗಳನ್ನು ನೋಡಿದರು, ಇದು ನಿಜ. ಹಾಜರಿಯನ್ನು ಕೂಗಿಸಿದ್ದೂ ನಿಜ. ಒಳ್ಳೇ ಮನಸ್ಸಿನ ಜನರು ಕೆಟ್ಟ ಮಾತಿನ ಒಳಗೆ ನಿಂತು ಮಾಡಿದ ಒಳ್ಳೇ ಕೆಲಸವನ್ನು ಏನೆಂದು ಎಣಿಸಬೇಕೋ, ನನಗೆ ಸುಲಭವಾಗಿ ತೋಚುವದಿಲ್ಲ. ಉಪ್ಪುನೀರಿನ ಬಾವಿಯಿಂದ ಪ್ರೀತಿಯಿಂದ ನೀರು ಸೇದಿ ಕೊಟ್ಟ ಹಾಗೆ ಕಾಣುತ್ತದೆ.

ಮುಂಬಯಿಯಲ್ಲಿ 1949ರಲ್ಲಿಯೂ ಇಡೀ ದೇಶದಲ್ಲಿ 1952ನೆಯ ಇಸವಿಯ ಆಗಸ್ಟ್ 31ನೇ ತಾರೀಖಿನಲ್ಲಿಯೂ ಕಾಯಿದೆಯು ರದ್ದಾಯಿತು. ಆ ಜನರಿಗೆ ವಿಮುಕ್ತರೆಂಬ ಹೊಸ ಹೆಸರು ಬಂತು, ಅವರು ಆ ದಿನವನ್ನು ಇಂದಿಗೂ ಆಚರಿಸುತ್ತಾರೆ. ಆದಾಗ್ಯೂ ಕಾಗದದಿಂದ ಅಳಿಸಿದ್ದು ಬಾಯಿಂದ ಅಳಿಯುವದಕ್ಕೆ ಬಹಳ ಕಾಲ ಹಿಡಿಯುತ್ತದೆ. ನಾನು ಹೇಳಿದ ಆಟವು ಹೊರಟ 1998ನೆಯ ಇಸವಿಯಲ್ಲಿಯೇ ಫೆಬ್ರುವರಿ ತಿಂಗಳಲ್ಲಿ ಬಂಗಾಳದ ಪುರುಲಿಯಾ ಜಿಲ್ಲೆಯಲ್ಲಿ ಬುಧನ್ ಶಬರ ಎಂಬವನು ಪೊಲೀಸರ ಕೈಗೆ ಸಿಕ್ಕಿ ಕಾವಲಿನಲ್ಲಿ ಸತ್ತನು. ಅವನ ಜನರಾದ ಖೇಡಿಯಾ ಶಬರರು ಹಿಂದೆ ಆ ಕಾಯಿದೆಯ ಪಟ್ಟಿಯಲ್ಲಿ ಇದ್ದವರು. ಮಹಾಶ್ವೇತಾ ದೇವಿಯವರು ಆ ಸಂಗತಿಯನ್ನು ಕಲ್ಕತ್ತೆಯ ಹೈಕೋರ್ಟಿನ ಮುಂದೆ ತರಿಸಿದರು. ವಿಧವೆಗೆ ಪರಿಹಾರ ಕೊಡಬೇಕೆಂದು ತೀರ್ಪಾಯಿತು. ಅದೇ ವರುಷ ಅಹಮದಾಬಾದಿನ ಛಾರಾನಗರದಲ್ಲಿ, ಅಂಥದೇ ಪಟ್ಟಿಯಲ್ಲಿ ಇದ್ದ ಜನರ ಮಕ್ಕಳು ಅವನ ಹೆಸರಿನಿಂದ ಒಂದು ನಾಟಕಮಂಡಳಿಯನ್ನು ಕಟ್ಟಿದರು. ಅಮೇರಿಕದಲ್ಲಿ ಹುಡುಗರು ಟ್ರೈಬೆಂದರೆ ಆಟದ ಪಂಗಡವೆಂದು ಕಲಿಯುತ್ತಿದ್ದ ವರುಷದಲ್ಲಿ ಇಲ್ಲಿ ಒಬ್ಬನು ಅದೇ ಮಾತಿನ ನೆರಳಿನಲ್ಲಿ ಸತ್ತನು. ಇಬ್ಬರಿಗೂ ಒಬ್ಬರ ಸುಳಿವು ಒಬ್ಬರಿಗಿಲ್ಲ. ಇತ್ತಲಾಗಿ 2024ರ ಅಕ್ಟೋಬರಿನಲ್ಲಿಯೂ ಸುಪ್ರೀಂ ಕೋರ್ಟಿನವರು, ಸೆರೆಮನೆಗಳ ನಿಯಮಪುಸ್ತಕಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ಕ್ರಮವನ್ನೂ ಇಂಥ ಕುಲದವರನ್ನು ಹುಟ್ಟು ಅಪರಾಧಿಗಳಂತೆ ಕಾಣುವ ಮಾತುಗಳನ್ನೂ ತೆಗೆದುಹಾಕಬೇಕಾಯಿತು.

ಹಾಗಾದರೆ ಈ ಮಾತನ್ನೇ ಸುಟ್ಟುಬಿಡೋಣವೋ? ಕೆಲವು ಪಂಡಿತರು ಹಾಗೆಯೇ ಹೇಳುತ್ತಾರೆ. ನಾನು ಒಪ್ಪುವದಿಲ್ಲ. ಅಮೇರಿಕ ದೇಶದಲ್ಲಿ ಅಲ್ಲಿಯ ಮೂಲನಿವಾಸಿಗಳ ಐನೂರಕ್ಕೂ ಹೆಚ್ಚು ಕುಲಗಳನ್ನು ಸರಕಾರವು ಈ ಮಾತಿನಿಂದಲೇ ಅಂಗೀಕರಿಸಿ ಅವರ ಸ್ವಂತ ಆಡಳಿತವನ್ನು ಒಪ್ಪಿದೆ. ಅವರಿಗೆ ಅದು ಗುರಾಣಿ. ನಮ್ಮಲ್ಲಿಯೂ ಸಂವಿಧಾನದ 342ನೆಯ ವಿಧಿಯ ಮೇರೆಗೆ ಪಟ್ಟಿಯಲ್ಲಿ ಸೇರಿದ ಪಂಗಡದವರಿಗೆ ಅದು ಗುರಾಣಿ. ಗುರಾಣಿಯನ್ನು ಹಂಚಿದ ರೀತಿಯಲ್ಲಿ ಮಾತ್ರ ವಕ್ರತೆ ಇದೆ. ಲಂಬಾಣಿಗಳು ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡದವರು. ಗಡಿ ದಾಟಿ ಕರ್ನಾಟಕಕ್ಕೆ ಬಂದರೆ ಪರಿಶಿಷ್ಟ ಜಾತಿಯವರು. ಭಾಷೆ ಅದೇ, ತಾಂಡೆ ಅದೇ, ಅಣ್ಣತಮ್ಮಂದಿರು ಅವರೇ.

ನಮ್ಮ ಸಭೆಗಳಿಗೆ ಇದು ಇನ್ನೂ ಹತ್ತಿರವಾಗಿ ಮುಟ್ಟುತ್ತದೆ. ಪಂಗಡವೆಂಬ ಮಾತಿಗೆ ಮತದ ಷರತ್ತಿಲ್ಲ. ಆ ಪಂಗಡದವನು ದೀಕ್ಷಾಸ್ನಾನ ತೆಗೆದುಕೊಂಡರೂ ಅವನ ಪ್ರಮಾಣಪತ್ರವು ಅದರಿಂದಲೇ ಹೋಗುವದಿಲ್ಲ. ಜಾತಿಯೆಂಬ ಮಾತಿಗೆ ಷರತ್ತು ಉಂಟು. 1950ನೆಯ ಇಸವಿಯ ಆಜ್ಞೆಗೆ 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು, ಕ್ರೈಸ್ತರನ್ನು ಸೇರಿಸಲಿಲ್ಲ. ಆದದರಿಂದ ಒಂದೇ ಹಲಗೆಯ ಮೇಲೆ ಕೂತು ಒಂದೇ ಸಂಗೀತ ಹಾಡುವ ಇಬ್ಬರು ತಂದೆಗಳಲ್ಲಿ ಒಬ್ಬನ ಮಗನಿಗೆ ಶಾಲೆಯ ಸಹಾಯ ಸಿಕ್ಕುವದು, ಮತ್ತೊಬ್ಬನ ಮಗನಿಗೆ ಸಿಕ್ಕದು. ಇಬ್ಬರಿಗೂ ಊರಿನ ಚಹದಂಗಡಿಯಲ್ಲಿ ಲೋಟ ಮಾತ್ರ ಒಂದೇ ಕಡೆಯಲ್ಲಿ ಬೇರೆಯಾಗಿ ಇಟ್ಟಿರಬಹುದು. ಒಂದು ಮಾತಿನ ಬದಲಿಗೆ ಇನ್ನೊಂದು ಮಾತು ಬರೆದ ಫಲವಿದು. ಮಾತು ಬರೇ ಪಾತ್ರೆಯೆಂದು ಇವರಿಗೆ ಹೇಳಿ ನೋಡಿರಿ.

ಇನ್ನು ಆಟಕ್ಕೆ ತಿರಿಗಿ ಬರೋಣ. ಬಂದೂಕಿನ ಆಟವು ಮಕ್ಕಳ ಮನಸ್ಸನ್ನು ಕ್ರೂರಮಾಡುವದೆಂದು ಹಿರಿಯರು ಅನ್ನುವದುಂಟು. ಇರಬಹುದು, ಇಂದು ಅದು ನನ್ನ ಪ್ರಶ್ನೆಯಲ್ಲ. ನನಗೆ ಮೊದಲು ಹೊಳೆದದ್ದು ಬೇರೆ. ಆ ಹುಡುಗರು ನಮಗಿಂತ ಒಳ್ಳೇವರಲ್ಲವೋ ಎಂದು ನೆನಸಿದೆನು. ಇಷ್ಟ ಬಂದ ಕುಲವನ್ನು ಹಿಡಿಯುವರು, ಬೇಡವಾದಾಗ ಬಿಡುವರು, ಆಟ ಮುಗಿದ ಮೇಲೆ ಒಬ್ಬರಿಗೊಬ್ಬರು ಶಾಬಾಸೆಂದು ಬರೆದು ಕಳುಹಿಸುವರು. ಇದರ ಪಕ್ಕದಲ್ಲಿ ನ್ಯಾಯಸ್ಥಾಪಕರ ಪುಸ್ತಕದ ಹನ್ನೆರಡನೆಯ ಅಧ್ಯಾಯವನ್ನು ಇಟ್ಟು ನೋಡಿರಿ. ಗಿಲ್ಯಾದಿನವರು ಯೊರ್ದನ್ ಹೊಳೆಯ ರೇವುಗಳನ್ನು ಹಿಡಿದು, ದಾಟುವದಕ್ಕೆ ಬಂದವನಿಗೆ ಷಿಬ್ಬೋಲೆತ್ ಎಂಬ ಮಾತನ್ನು ಹೇಳಿಸಿ, ಎಫ್ರಾಯೀಮ್ ಕುಲದವನ ನಾಲಿಗೆಯಲ್ಲಿ ಅದು ಸಿಬ್ಬೋಲೆತ್ ಎಂದು ಬಂದರೆ ಕೊಂದರು. ಹೀಗೆ ಸತ್ತವರು 42,000. ಇಬ್ಬರೂ ಇಸ್ರಾಯೇಲ್ಯರೇ. ಆ ಮಾತಿಗೆ ತೆನೆ ಎಂದು ಒಂದು ಅರ್ಥ, ಹರಿಯುವ ನೀರು ಎಂದು ಇನ್ನೊಂದು ಅರ್ಥ. ಕೇಳಿದವನಿಗೆ ತೆನೆಯೂ ಬೇಕಾಗಿರಲಿಲ್ಲ, ನೀರೂ ಬೇಕಾಗಿರಲಿಲ್ಲ. ಅರ್ಥವೆಲ್ಲಾ ಹಿಂಡಿ ತೆಗೆದ ಮೇಲೆ ಮಾತಿನಲ್ಲಿ ಉಳಿದದ್ದು ನೀನು ಯಾವ ಕುಲದವನೆಂಬ ಪ್ರಶ್ನೆ ಒಂದೇ.

ಆದರೆ ಸ್ವಲ್ಪ ತಾಳಿ ಯೋಚಿಸಿದಾಗ ಆಟದ ಕುಲದಲ್ಲಿಯೂ ಕೊರತೆಯನ್ನು ಕಂಡೆನು. ಗುಂಡಿ ಒತ್ತಿ ಸೇರಿದ ಕುಲವು ಗುಂಡಿ ಒತ್ತಿದಾಗಲೇ ಮುಗಿಯುವದು. ಆ ಹುಡುಗನಿಗೆ ಜ್ವರ ಬಂದರೆ ಗಂಜಿ ಕಾಸಿಕೊಡುವದಕ್ಕೆ ವಜ್ರಖಡ್ಗದವರು ಬರುವರೋ? ನಮ್ಮ ತಾಯಿ ಸತ್ತಾಗ ಮೂರು ದಿನ ನಮ್ಮ ಒಲೆ ಹೊತ್ತಲಿಲ್ಲ. ಬಂಧುಗಳ ಮನೆಯಿಂದ ರೊಟ್ಟಿಯ ಬುಟ್ಟಿಗಳು ತಾವಾಗಿ ಬಂದವು. ಕರೆಯದೆ ಬರುವವರು ಇರುವದು ಹುಟ್ಟಿನ ಕುಲದಲ್ಲಿ. ಕ್ರೈಸ್ತರಾದಾಗ ಕುಲದವರಿಂದ ಹೊರಗೆ ಹಾಕಲ್ಪಟ್ಟ ನಮ್ಮ ಅಜ್ಜಂದಿರು ಕಳಕೊಂಡದ್ದು ಇದನ್ನೇ. ಅವರು ಇದಕ್ಕಾಗಿ ಎಷ್ಟು ಅತ್ತರೆಂಬದನ್ನು ನಾವು ಸಭೆಯ ಚರಿತ್ರೆಗಳಲ್ಲಿ ಬರೆಯುವದಿಲ್ಲ. ಬಿಡುವದಕ್ಕೆ ಬಾರದ್ದೆಲ್ಲಾ ಸೆರೆಮನೆಯಲ್ಲ, ಬಿಡುವದಕ್ಕೆ ಬರುವದೆಲ್ಲಾ ಬಿಡುಗಡೆಯೂ ಅಲ್ಲ.

ಆದಕಾರಣ ಹುಟ್ಟಿದ್ದೋ ಆರಿಸಿಕೊಂಡದ್ದೋ ಎಂದು ಕೇಳುವದರಲ್ಲಿ ಹುರುಳಿಲ್ಲವೆಂದು ನನಗೆ ತೋರುತ್ತದೆ. ಕೋಲಿನ ಮಾತಿಗೇ ಹೋಗಬೇಕು. ಕೋಲು ಯಾರ ಕೈಯಲ್ಲಿದೆ? ಸೋಲಿಗನು ತಾನು ಸೋಲಿಗನೆಂದು ಹೇಳಿ ಅಡವಿಯ ಮೇಲೆ ತನ್ನ ಹಕ್ಕನ್ನು ಕೇಳುವಾಗ ಕೋಲು ಅವನ ಕೈಯಲ್ಲಿದೆ, ಅದನ್ನು ಊರಿಕೊಂಡು ನಿಲ್ಲುವನು. ಫೌಜದಾರನು ಅದೇ ಜನರ ಹೆಸರನ್ನು ಹಾಜರಿಯಲ್ಲಿ ಕೂಗುವಾಗ ಕೋಲು ಅವನ ಕೈಯಲ್ಲಿದೆ, ಬೆನ್ನು ಮಾತ್ರ ಇವರದು. ಉಚ್ಚಾರ ಒಂದೇ, ಅಕ್ಷರ ಒಂದೇ, ನಿಘಂಟಿನಲ್ಲಿ ಅರ್ಥವೂ ಒಂದೇ ಆಗಿರಬಹುದು. ಆದರೆ ಹೆಸರಿಸಲ್ಪಟ್ಟವನು ಆ ಹೆಸರನ್ನು ತಾನಾಗಿ ಎತ್ತಿಕೊಳ್ಳುವನೋ, ಬೇಕಾದಾಗ ಕೆಳಗಿಡಬಲ್ಲನೋ, ಇಡದಂತೆ ಇನ್ನೊಬ್ಬನು ಅವನ ಬೆನ್ನಿಗೆ ಕಟ್ಟಿರುವನೋ ಎಂಬದನ್ನು ನಿಘಂಟು ಹೇಳಲಾರದು. ಅದನ್ನು ನುಡಿಯುವವನೇ ತನ್ನ ಕೈಯನ್ನು ನೋಡಿಕೊಂಡು ತಿಳುಕೊಳ್ಳಬೇಕು.

ನನ್ನ ಕೈಯ ಸಂಗತಿಯನ್ನೂ ಹೇಳದಿದ್ದರೆ ಇಷ್ಟೆಲ್ಲಾ ಬರೆದದ್ದು ಕಪಟವಾದೀತು. ನಾಲ್ವತ್ತು ವರುಷಗಳ ಹಿಂದೆ ಮಳೆಗಾಲಕ್ಕೆ ಮುಂಚೆ ನಮ್ಮ ಗುಡಿಯ ಹೆಂಚುಗಳನ್ನು ಸರಿಮಾಡುವದಕ್ಕೆ ಒಬ್ಬ ಮನುಷ್ಯನು ಬಂದನು. ಅವನ ತಂದೆಯು ಹುಬ್ಬಳ್ಳಿಯ ಸೆಟ್ಲಮೆಂಟಿನಲ್ಲಿ ಇದ್ದವನೆಂದು ಯಾರೋ ನನ್ನ ಕಿವಿಯಲ್ಲಿ ಹೇಳಿದರು. ನಾನು ಏನೂ ಅನ್ನಲಿಲ್ಲ. ಗೋಡೆಯ ಮೊಳೆಗೆ ನೇತುಹಾಕಿದ್ದ ನನ್ನ ಕೊಡೆಯನ್ನು ಮೆಲ್ಲಗೆ ತೆಗೆದುಕೊಂಡು ಹೋಗಿ ಒಳಕೋಣೆಯಲ್ಲಿಟ್ಟು ಬೀಗಹಾಕಿದೆನು. ಅವನು ಏಣಿಯ ಮೇಲಿದ್ದನು, ನೋಡಲಿಲ್ಲವೆಂದು ನೆನಸಿದೆನು. ಮಧ್ಯಾಹ್ನ ಮೂರು ಗಂಟೆಗೆ ಮೋಡ ಕವಿದು ಮಳೆ ಹಿಡಿಯಿತು. ನನಗೆ ಮನೆಗೆ ಹೋಗಬೇಕಾಗಿತ್ತು. ಬಾಗಿಲಲ್ಲಿ ನಿಂತು ಆಕಾಶವನ್ನು ನೋಡುತ್ತಾ ಇದ್ದೆನು. ಅವನು ಕೆಳಗಿಳಿದು ಬಂದು, ಹೆಗಲ ಮೇಲಿನ ವಸ್ತ್ರದಿಂದ ಮುಖ ಒರಸಿಕೊಂಡು, ‘ಅಯ್ಯಾರ, ಕೊಡಿ ಒಳಗೈತ್ರಿ, ತಗೊಂಡು ಹೋಗ್ರಿ’ ಎಂದನು. ಅವನ ಧ್ವನಿಯಲ್ಲಿ ಸಿಟ್ಟೂ ಇರಲಿಲ್ಲ, ಹಂಗಿಸುವದೂ ಇರಲಿಲ್ಲ.

ಹುಡುಗನು ಬೆಂಗಳೂರಿಗೆ ಹೊರಡುವ ಹಿಂದಿನ ರಾತ್ರಿ ಅಂಗಳದಲ್ಲಿ ಕೂತಾಗ, ಅವನ ‘ಅಷ್ಟೇ’ ಎಂಬ ಮಾತಿಗೆ ಉತ್ತರವಾಗಿ ನಾನು ಈ ಕಥೆಯನ್ನು ಹೇಳಿದೆನು. ಅವನು ಬಹಳ ಹೊತ್ತು ಸುಮ್ಮನಿದ್ದು, ‘ಅವರ ಹೆಸರೇನು, ಅಜ್ಜಾ?’ ಎಂದು ಕೇಳಿದನು.

ನನಗೆ ಗೊತ್ತಿರಲಿಲ್ಲ. ಅವನ ಕುಲದ ಹೆಸರು ನನಗೆ ನಾಲ್ವತ್ತು ವರುಷವೂ ನೆನಪಿತ್ತು. ಮರುದಿನ ಹುಡುಗನನ್ನು ಬಸ್ಸಿಗೆ ಬಿಟ್ಟುಬಂದು ಸಭೆಯ ಹಳೇ ಜಮಾಖರ್ಚಿನ ಪುಸ್ತಕವನ್ನು ತೆಗೆದು ನೋಡಿದೆನು. ನನ್ನದೇ ಅಕ್ಷರದಲ್ಲಿ, ಹೆಂಚಿನವನಿಗೆ ಕೂಲಿ ಎಂದು ಬರೆದದೆ, ಮುಂದೆ ರೂಪಾಯಿಗಳ ಲೆಕ್ಕವಿದೆ. ಆ ಕಾಲದಲ್ಲಿ ಅವನ ಜೊತೆಗೆ ಏಣಿ ಹಿಡಿಯುತ್ತಿದ್ದ ಒಬ್ಬ ಹಿರಿಯರು ಇನ್ನೂ ಇದ್ದಾರೆ, ಮೇಲಿನ ಓಣಿಯಲ್ಲಿ ಮಗಳ ಮನೆಯಲ್ಲಿ ಇರುತ್ತಾರಂತೆ. ಬರುವ ವಾರ ಅಲ್ಲಿಗೆ ಹೋಗಬೇಕೆಂದಿದ್ದೇನೆ.